ಬ್ಯಾಟರಿ ನೀರಿನ ಜಾನಕೀಬಾಯಿ

ನಮ್ಮ ಓಣಿಯಲ್ಲಿ ಜಾನಕೀಬಾಯಿಗೆ ‘ಬ್ಯಾಟರಿ ಬಾಯಿ’ ಎಂದು ಹೆಸರಿಟ್ಟವಳು ನಾನು. ಹೆಸರಿಡುವುದರಲ್ಲಿ ನನ್ನ ನಾಲಿಗೆ ಮೊದಲಿನಿಂದಲೂ ಸ್ವಲ್ಪ ಉದ್ದವೇ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಕಲಬುರಗಿಯ ಬ್ರಹ್ಮಪುರಕ್ಕೆ ನಾನು ಸೊಸೆಯಾಗಿ ಬಂದಾಗಿನಿಂದ ಅವರ ಒಗ್ಗರಣೆಯ ವಾಸನೆಯೂ ಬೈಗುಳವೂ ಆ ಗೋಡೆ ದಾಟಿ ನಮ್ಮ ಕಡೆ ಬರುತ್ತಲೇ ಇವೆ. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ; ಅವರು ನನ್ನನ್ನು ತುಳಜಾ ಎನ್ನುತ್ತಾರೆ. ಆ ಹೆಸರಿಟ್ಟ ದಿನ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಈಗ ಯಾರಾದರೂ ಅದನ್ನು ಎತ್ತಿದರೆ ನಾನು ಅಲ್ಲಿಂದ ಎದ್ದು ಹೋಗುತ್ತೇನೆ.

ವೈನಿಗೆ ಮಕ್ಕಳಿಲ್ಲ. ಗಂಡ ಪಾಂಡುರಂಗರಾಯರು ನಂದೂರಿನ ದಾಲ್ ಮಿಲ್ಲೊಂದರಲ್ಲಿ ಮ್ಯಾನೇಜರ್. ಬೆಳಿಗ್ಗೆ ಹೋದರೆ ಸಂಜೆಗೆ ಮೈಯೆಲ್ಲ ತೊಗರಿಯ ಧೂಳಾಗಿ ಬರುವ ಸಾಧು ಮನುಷ್ಯ. ಮನೆಯೊಳಗೆ ಅವರ ಮಾತು ನಡೆಯುತ್ತಿರಲಿಲ್ಲ, ನಡೆಯಬೇಕೆಂದು ಅವರಿಗೂ ಆಸೆ ಇರಲಿಲ್ಲ. ವೈನಿಯ ಲೋಕವೆಂದರೆ ದೇವರ ಮನೆ, ಅಡುಗೆ ಮನೆ ಮತ್ತು ಕಮಲಾಪುರದಲ್ಲಿದ್ದ ತಮ್ಮ ಪವಮಾನ. ತಾಯಿ ತೀರಿಕೊಂಡಾಗ ಪವಮಾನ ಇನ್ನೂ ತೊಟ್ಟಿಲಲ್ಲಿದ್ದ. ಲಗ್ನವಾಗಿ ಈ ಮನೆಗೆ ಬರುವಾಗ ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡೇ ಬಂದರಂತೆ. ಅತ್ತೆ ಮುಖ ತಿರುವಿದರೂ ಅಂಜಲಿಲ್ಲ. ಇಲ್ಲಿಯೇ ಬೆಳೆಸಿ, ಓದಿಸಿ, ಮುಂಜಿ ಮಾಡಿ, ಮೃದುಲಾ ಎಂಬ ಒಳ್ಳೆಯ ಹುಡುಗಿಯನ್ನು ನೋಡಿ ಮದುವೆ ಮಾಡಿ, ಕಮಲಾಪುರದ ತವರುಮನೆಯಲ್ಲಿ ಸಂಸಾರ ಹೂಡಿಸಿದರು. ತಮ್ಮ ಎನ್ನುವುದು ಬಾಯಿಮಾತು, ಅವನು ಅವರಿಗೆ ಮಗನೇ.

ಪವಮಾನನಿಗೆ ದೇವರು ಕೊಟ್ಟದ್ದು ಕಂಠ. ಕಮಲಾಪುರದ ಸಣ್ಣ ವಿಠ್ಠಲನ ಗುಡಿಯಲ್ಲಿ ಅವನೇ ಪೂಜಾರಿ, ಏಕಾದಶಿಗೆ ಅವನೇ ಭಜನೆ, ಶ್ರಾವಣದಲ್ಲಿ ಅವನೇ ಪುರಾಣ. ಮೈಕು ಕೆಟ್ಟರೂ ಜನ ಎದ್ದು ಹೋಗುತ್ತಿರಲಿಲ್ಲ. ಅಂಗಡಿ ಪೂಜೆ, ಮನೆ ಶಾಂತಿ, ಸತ್ಯನಾರಾಯಣ ಎಂದು ಊರಿನ ಎಲ್ಲ ಜಾತಿಯವರೂ ಅವನನ್ನೇ ಕರೆಯುತ್ತಿದ್ದರು. ನಾನೂ ಒಂದು ಸಲ ವೈನಿಯ ಜೊತೆ ಹೋಗಿ ಕೇಳಿದ್ದೇನೆ. ಕೊಂಕು ತೆಗೆಯುವ ನನ್ನಂಥವಳಿಗೂ ಆ ದಿನ ಕೊಂಕು ಸಿಗಲಿಲ್ಲ.

ಇನ್ನು ನೀರಿನ ಕಥೆ. ನಮ್ಮ ಬೋರಿನ ನೀರು ಸವಳು. ಕೊಡದಲ್ಲಿ ಒಂದು ರಾತ್ರಿ ನಿಂತರೆ ಬಿಳಿ ಪೊರೆ ಕಟ್ಟುತ್ತದೆ. ವೈನಿಯ ದೇವರ ತಟ್ಟೆ, ಪಂಚಪಾತ್ರೆ, ಹಿತ್ತಾಳೆಯ ವಿಠ್ಠಲ ಎಲ್ಲದರ ಮೇಲೂ ಆ ಬಿಳಿ ಕಲೆ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅವರ ಬೆರಳು ಸವೆದಿದ್ದವು. ಹೀಗಿರುವಾಗ ಮನೆಗೆ ಇನ್ವರ್ಟರ್ ಬಂತು. ಅದರ ಬ್ಯಾಟರಿಗೆ ಆಗಾಗ ಹಾಕಲು ಬಿಳಿ ಡಬ್ಬಿಯಲ್ಲಿ ಒಂದು ನೀರು ಬಂತು. ಕಾಯಿಸಿ, ಆವಿ ಮಾಡಿ, ಆ ಆವಿಯನ್ನೇ ಮತ್ತೆ ಇಳಿಸಿದ ನೀರು ಅದು ಎಂದು ಯಾರೋ ಹೇಳಿದ್ದೇ ತಡ, ವೈನಿಯ ತಲೆ ಓಡಿತು.

"ತುಳಜಾ, ಇದಕ್ಕಿಂತ ಮಡಿ ನೀರು ಎಲ್ಲಿ ಸಿಗ್ತದ ಹೇಳು? ಮನುಷ್ಯಾರ ಕೈ ಮುಟ್ಟಿಲ್ಲ, ಹಗ್ಗ ಕೊಡ ಮುಟ್ಟಿಲ್ಲ. ಆಕಾಶದಾಗ ಹೋಗಿ ಬಂದಂಗ ಬಂದದ" ಎಂದರು.

"ಪ್ಲಾಸ್ಟಿಕ್ ಡಬ್ಬಿ ಮುಟ್ಟೇದಲ್ಲಾ ವೈನಿ" ಎಂದೆ.

"ಪ್ಲಾಸ್ಟಿಕ್ಕಿಗೆ ಮೈಲಿಗಿ ಇಲ್ಲ" ಎಂದು ತೀರ್ಪು ಕೊಟ್ಟುಬಿಟ್ಟರು.

ಅಂದಿನಿಂದ ಅವರ ವಿಠ್ಠಲನಿಗೆ ಬ್ಯಾಟರಿ ನೀರಿನ ಅಭಿಷೇಕ. ಕಲೆ ಇಲ್ಲ, ಪೊರೆ ಇಲ್ಲ, ದೇವರು ಫಳಫಳ. ಕಾಶಿಯಿಂದ ಯಾರೋ ಗಂಗೆ ತಂದುಕೊಟ್ಟ ಖಾಲಿ ಬಾಟ್ಲಿಯಲ್ಲಿ ಆ ನೀರನ್ನು ತುಂಬಿ ದೇವರ ಕಪಾಟಿನಲ್ಲಿ ಇಡುತ್ತಿದ್ದರು. ಏಕಾದಶಿಗೆ ಕಮಲಾಪುರಕ್ಕೆ ಹೋಗುವಾಗ ತಮ್ಮನ ಮನೆಯ ದೇವರಿಗೂ ಒಯ್ಯುತ್ತಿದ್ದರು. ಓಣಿಯ ಹೆಂಗಸರಿಗೆಲ್ಲ ಅದರ ಗುಣಗಾನ. ಬ್ಯಾಟರಿ ಬಾಯಿ ಎಂದು ನಾನು ಕರೆದದ್ದು ಆಗಲೇ. ಸುಮ್ಮನೆ ಶುದ್ಧ ನೀರಾಗಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ, ಆಗಿರಲೂ ಇಲ್ಲ. ಆದರೆ ನಮ್ಮ ಊರಿನಲ್ಲಿ ಬ್ಯಾಟರಿ ನೀರು ಎನ್ನುವುದು ಒಂದೇ ನೀರಿನ ಹೆಸರಲ್ಲ. ಅದು ವೈನಿಗೆ ಗೊತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕರೆಂಟು ಹೋದರೆ ಇನ್ವರ್ಟರ್ ಕೂಡಲೇ ಕುಂಯ್‌ಗುಟ್ಟಿ ಕಣ್ಣು ಮುಚ್ಚುತ್ತಿತ್ತು. ಸೂಪರ್ ಮಾರ್ಕೆಟ್ ಹಿಂದಿನ ಸಂದಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡಿರುವ ಫುರ್ಕಾನನಿಗೆ ರಾಯರು ಹೇಳಿ ಕಳಿಸಿದರು. ಅವನು ಬಂದು, ಹಳೆಯ ಆಸಿಡ್ ಚೆಲ್ಲಿ, ಬ್ಯಾಟರಿಗೆ ಹೊಸದು ತುಂಬಿದ. ವೈನಿ ಮಡಿಯಲ್ಲಿ ಒಳಗಿದ್ದರು. ಅಷ್ಟರಲ್ಲಿ ಅವನಿಗೆ ಇನ್ನೆಲ್ಲಿಂದಲೋ ಫೋನ್ ಬಂತು. ಬೈಕಿನ ಮೇಲೆ ಸಾಮಾನು ಹೆಚ್ಚಾಗಿತ್ತೋ ಏನೋ, ಉಳಿದ ಡಬ್ಬಿಯನ್ನು ಪಡಸಾಲೆಯ ಮೂಲೆಗಿಟ್ಟು ಹೊರಗಿನಿಂದಲೇ ಕೂಗಿದ.

"ಅಮ್ಮಾ, ಬ್ಯಾಟ್ರಿ ಪಾನಿ ಥೋಡಾ ಉಳದದ್ರಿ. ಸಂಜೀಕ ಬಂದು ಒಯ್ತೀನಿ. ಜ್ವಾಕೀಲೆ ಇಡ್ರಿ!"

"ಆಯ್ತಪಾ" ಎಂದರು ವೈನಿ.

ಅವನ ಜ್ವಾಕಿ ಎಂದರೆ ಹುಷಾರು, ಮುಟ್ಟಬೇಡಿ ಎಂದು. ವೈನಿಯ ಜ್ವಾಕಿ ಎಂದರೆ ಕೆಡಿಸಬೇಡಿ, ಜೋಪಾನ ಎಂದು. ಅಂಗಡಿಯವರ ಬಾಯಲ್ಲಿ ಬ್ಯಾಟರಿಗೆ ಹಾಕುವುದೆಲ್ಲ ‘ಬ್ಯಾಟ್ರಿ ಪಾನಿ’ಯೇ, ಅದು ನೀರಾದರೂ ಅಷ್ಟೇ, ಆಸಿಡ್ ಆದರೂ ಅಷ್ಟೇ. ಸಾಲದ್ದಕ್ಕೆ ಫುರ್ಕಾನ ಆಸಿಡ್ ತಂದದ್ದು ನೀರಿನ ಖಾಲಿ ಡಬ್ಬಿಯಲ್ಲಿ. ಅದರ ಮೇಲೆ ಶುದ್ಧ ನೀರಿನ ಚೀಟಿ ಹಾಗೇ ಅಂಟಿಕೊಂಡಿತ್ತು. ಖಾಲಿ ಡಬ್ಬಿ ಕಂಡರೆ ಏನಾದರೂ ತುಂಬಬೇಕು ಎನ್ನುವ ಈ ಚಪಲ ನಮ್ಮೆಲ್ಲರಿಗೂ ಇದೆ. ಅವನಿಗೂ ಇತ್ತು, ವೈನಿಗೂ ಇತ್ತು.

ಸಂಜೆ ಫುರ್ಕಾನ ಬರಲಿಲ್ಲ. ಮರುದಿನ ದಶಮಿ, ವೈನಿ ಕಮಲಾಪುರಕ್ಕೆ ಹೊರಡಬೇಕು. ಕಪಾಟಿನ ಬಾಟ್ಲಿ ಖಾಲಿಯಾಗಿತ್ತು. ಮೂಲೆಯಲ್ಲಿ ಡಬ್ಬಿ ಕಂಡಿತು. ಅವನದನ್ನು ಸ್ವಲ್ಪ ತೆಗೆದುಕೊಂಡು ಆಮೇಲೆ ಲೆಕ್ಕ ಹಾಕಿದರಾಯಿತು ಎಂದು ಗಂಗೆಯ ಬಾಟ್ಲಿಗೆ ಬಗ್ಗಿಸಿಕೊಂಡರು. ಮಡಿಯಲ್ಲಿದ್ದಾಗಲೇ ಬಗ್ಗಿಸಿದ್ದರಿಂದ ಒಂದೆರಡು ಹನಿ ಮಡಿ ಸೀರೆಯ ಮೇಲೆಯೇ ಬಿದ್ದವು. ಕಮಲಾಪುರದಲ್ಲಿ ಏಕಾದಶಿಯ ದಿನ ಆ ಸೀರೆಯನ್ನು ಹಿಂಡಿ ಒಣಹಾಕುವಾಗ ಅಲ್ಲಲ್ಲಿ ತೂತು ಕಂಡವು. ಮೃದುಲಾ ತೋರಿಸಿದಳು.

"ಝಿರಳಿ ತಿಂದಾವ ಬಿಡ" ಎಂದರು ವೈನಿ. ಜಿರಳೆ ಅಷ್ಟು ದುಂಡಗೆ ತಿನ್ನುತ್ತದೆಯೇ ಎಂದು ಯಾರಿಗೂ ಅನಿಸಲಿಲ್ಲ.

ಮುಂದಿನದು ನನಗೆ ಗೊತ್ತಾದದ್ದು ಮೃದುಲಾಳ ಬಾಯಿಂದ, ಆಮೇಲೆ ವೈನಿಯ ಬಾಯಿಂದ. ಇಬ್ಬರೂ ಒಂದೇ ಥರ ಹೇಳಿದ್ದಾರೆ.

ಅವರ ಮನೆಯಲ್ಲಿ ಏಕಾದಶಿಗೆ ಹನಿ ನೀರೂ ಇಲ್ಲ. ದ್ವಾದಶಿಯ ಬೆಳಗು ಹರಿಯುವ ಹೊತ್ತಿಗೆ ಪೂಜೆ ಮುಗಿಸಿ, ಮೊದಲು ತೀರ್ಥ, ಆಮೇಲೆ ಪಾರಣೆಯ ಊಟ. ಆ ದಿನವೂ ಹಾಗೆಯೇ. ಪವಮಾನ ಅಕ್ಕ ತಂದ ಬಾಟ್ಲಿಯಿಂದ ಶಂಖಕ್ಕೆ ನೀರು ಹಾಕಿದ. ಶಂಖದೊಳಗೆ ಸಣ್ಣಗೆ ಬುರುಗು ಎದ್ದಿತು. ಅವನು ಕೈ ತಡೆದ.

"ಅಕ್ಕಾ, ಬುರುಗು ಬರ್ಲಿಕತ್ತದಲ್ಲಾ?"

ವೈನಿ ಒಲೆಯ ಮುಂದಿನಿಂದ ಇಣುಕಿ ನೋಡಿದರು.

"ಶುದ್ಧ ನೀರು ಅದು. ಶಂಖದಾಗಿನ ಹೊಲಸು ಬಿಡ್ಲಿಕತ್ತದ. ನಿಮ್ಮ ಸವಳು ನೀರು ಹಾಕಿ ಹಾಕಿ ಅದರ ಹೊಟ್ಟಿ ಕೆಟ್ಟದ" ಎಂದರು.

ಅಕ್ಕ ಹೇಳಿದ ಮೇಲೆ ಮುಗಿಯಿತು. ಅಭಿಷೇಕವಾಯಿತು. ಹಿತ್ತಾಳೆಯ ದೇವರು, ತಾಮ್ರದ ತಟ್ಟೆ ಎಂದೂ ಹೊಳೆಯದ ಹಾಗೆ ಹೊಳೆದವು. ವೈನಿ ಮೃದುಲಾಳನ್ನು ಕರೆದು ತೋರಿಸಿದರಂತೆ. ಆ ನೀರಿಗೆ ವಾಸನೆ ಇರಲಿಲ್ಲ. ಇದ್ದಿದ್ದರೂ ದೇವರಿಗೆ ಏರಿಸುವುದನ್ನು ನಾವು ಮೂಸಿ ನೋಡುವುದಿಲ್ಲ. ತುಳಸಿ, ಏಲಕ್ಕಿ, ಪಚ್ಚಕರ್ಪೂರ ಬಿದ್ದ ಮೇಲೆ ಯಾವ ವಾಸನೆ ಯಾವುದೆಂದು ತಿಳಿಯುವುದೂ ಇಲ್ಲ. ತೀರ್ಥವನ್ನು ಬಾಯಲ್ಲಿ ಆಡಿಸುವುದಿಲ್ಲ, ಅಂಗೈಯಿಂದ ನೇರ ಗಂಟಲಿಗೆ. ಹಿಂದಿನ ದಿನದಿಂದ ಒಣಗಿದ ಗಂಟಲು ಅದಕ್ಕಾಗಿಯೇ ಕಾದಿರುತ್ತದೆ. ಪೂಜೆ ಮಾಡಿದವನು ಅವನು, ಮೊದಲು ತೆಗೆದುಕೊಂಡವನೂ ಅವನು.

ಅವನ ಹಿಂದೆ ವೈನಿ ಅಂಗೈ ಒಡ್ಡಿ ನಿಂತಿದ್ದರು. ಅವರ ಹಿಂದೆ ಅವನ ಪುಟ್ಟ ಮಗಳು. ಪವಮಾನ ನುಂಗಿದ, ಉದ್ಧರಣೆ ಕೈಯಿಂದ ಜಾರಿತು, ಅಕ್ಕನ ಕೈಯನ್ನು ಬಡಿದು ದೂಡಿ "ಬ್ಯಾಡಾ!" ಎಂದು ಕೂಗಿದ. ಮೃದುಲಾ ಹೇಳುತ್ತಾಳೆ, ಅವಳು ಕೇಳಿದ ಅವನ ಕೊನೆಯ ಗಟ್ಟಿ ದನಿ ಅದೇ ಎಂದು.

ನೆರೆಯವರು ಕೂಡಿದರು. ಏನೋ ವಿಷವಾಗಿದೆ, ವಾಂತಿ ಮಾಡಿಸಿ ಎಂದರು. ವೈನಿ ಉಪ್ಪುನೀರು ಕಲಸಿ ತಮ್ಮನ ತಲೆ ಹಿಡಿದು ಕುಡಿಸಿದರು, ವಾಂತಿ ಆಯಿತು. ಒಳಗೆ ಹೋಗುವಾಗ ಒಮ್ಮೆ ಸುಟ್ಟದ್ದು ಹೊರಗೆ ಬರುವಾಗ ಇನ್ನೊಮ್ಮೆ ಸುಟ್ಟಿತು. ಮೃದುಲಾ ಗಾಬರಿಯಲ್ಲಿ ಬಾಟ್ಲಿಯಲ್ಲಿ ಉಳಿದದ್ದನ್ನು ಬಚ್ಚಲಿಗೆ ಸುರಿದು ಬಾಟ್ಲಿ ಒಗೆದುಬಿಟ್ಟಳು. ಯಾರದೋ ಜೀಪಿನಲ್ಲಿ ಹಾಕಿಕೊಂಡು ಕಲಬುರಗಿಯ ಆಸ್ಪತ್ರೆಗೆ ತಂದರು. ನನಗೆ ಫೋನ್ ಬಂದು ನಾನು ಓಡಿದಾಗ ಡಾಕ್ಟರಮ್ಮ ವೈನಿಯನ್ನು ಕೇಳುತ್ತಿದ್ದಳು.

"ಏನ್ ಕುಡಿದಾರ್ರಿ?"

"ತೀರ್ಥ."

"ತೀರ್ಥದಾಗ ಏನಿತ್ತು?"

"ಬ್ಯಾಟರಿ ನೀರು."

"ಬ್ಯಾಟರಿ ನೀರು ಅಂದ್ರ ನೀರೋ, ಆಸಿಡ್ಡೋ? ಬಾಟ್ಲಿ ತಂದೀರಿ?"

ಎರಡು ಇರುತ್ತವೆ ಎಂದು ವೈನಿಗೆ ತಿಳಿದದ್ದು ಆ ಕ್ಷಣ. ನನ್ನ ಮುಖ ನೋಡಿದರು. ನಾನೇ ಫುರ್ಕಾನನಿಗೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟೆ.

"ಏನಪಾ, ಪಡಸಾಲ್ಯಾಗ ಇಟ್ಟಿದ್ದಿಯಲ್ಲ, ಆ ಡಬ್ಬಿಯೊಳಗ ಇದ್ದದ್ದೇನು?"

"ತೇಜಾಬ್ ಅಮ್ಮಾ. ಆಸಿಡ್. ಯಾಕ್ರಿ, ಏನಾಯ್ತು?"

ವೈನಿ ಫೋನನ್ನು ನನಗೆ ಮರಳಿ ಕೊಟ್ಟು ಗೋಡೆಗೆ ಒರಗಿ ಕೆಳಗೆ ಕುಳಿತರು. ಡಾಕ್ಟರಮ್ಮ ಬೈದದ್ದೂ ಅವರ ಕಿವಿಗೆ ಬಿತ್ತೋ ಇಲ್ಲವೋ. ಬಾಯಿ ತೊಳೆಸಿ ಹಾಗೇ ಓಡಿ ಬರಬೇಕಿತ್ತು, ವಾಂತಿ ಮಾಡಿಸಬಾರದಿತ್ತು, ಬಾಟ್ಲಿ ತರಬೇಕಿತ್ತು ಎಂದು ಅವಳು ಹೇಳುತ್ತಲೇ ಒಳಗೆ ಓಡಿದಳು.

ಇಂಥ ಕೇಸು ಬಂದರೆ ಪೊಲೀಸರು ಬರುತ್ತಾರೆ. ಬಂದರು. ಆಗ ವೈನಿ ಮತ್ತು ರಾಯರು ವಾರ್ಡಿನೊಳಗಿದ್ದರು, ನಾನು ಹೊರಗೆ ಮೃದುಲಾಳ ಮಗಳನ್ನು ಎತ್ತಿಕೊಂಡಿದ್ದೆ. ಪೊಲೀಸನು ಪವಮಾನನನ್ನು ಕೇಳಿದ: ನಿಮಗೆ ಯಾರಾದರೂ ಕೊಟ್ಟರೋ, ನೀವೇ ಕುಡಿದಿರೋ? ಅವನು ಅಕ್ಕನ ಕಡೆ ನೋಡಿದ. ಆಮೇಲೆ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡ. ನಾನೇ. ಎಲ್ಲಿಂದ ಬಂತು ಎಂದಾಗ ಮತ್ತೆ ಎದೆ ಮುಟ್ಟಿ ತೋರಿಸಿದ. ನಾನೇ ತಂದಿದ್ದೆ, ತಪ್ಪಿ ಕುಡಿದೆ ಎಂಬರ್ಥದಲ್ಲಿ ಗೊಗ್ಗರು ದನಿ ಹೊರಡಿಸಿದ. ಅಕ್ಕನ ಹೆಸರು ಹೇಳಿದರೆ ಈ ವಯಸ್ಸಿನಲ್ಲಿ ಅವಳನ್ನು ಠಾಣೆಗೆ ಅಲೆಸುತ್ತಾರೆ ಎಂದು ಅವನ ಅಂಜಿಕೆ. ಪಾಂಡುರಂಗರಾಯರು ಹೆಂಡತಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ವೈನಿ ಬಾಯಿ ತೆರೆಯಲಿಲ್ಲ. ಬದುಕಿನಲ್ಲಿ ಯಾವುದಕ್ಕೂ ಬಾಯಿ ಮುಚ್ಚಿಕೊಂಡು ಕುಳಿತವರಲ್ಲ ಅವರು, ಅವತ್ತು ಮುಚ್ಚಿಕೊಂಡರು.

ಇದನ್ನು ಅವರು ಅದೇ ವಾರ ನನಗೆ ಹೇಳಿದರು. ನಾನು ಕೇಳಿದ ಕೂಡಲೇ ಸಿಟ್ಟಾದೆ.

"ನಾಳೆನೇ ಹೋಗಿ ಖರೇ ಹೇಳ್ರಿ ವೈನಿ. ತಪ್ಪು ಆಗೇದ, ಬೇಕಂತ ಮಾಡೀರೇನು?"

"ಅಂವಾ ಕಣ್ಣಿಂದ ಬ್ಯಾಡ ಅಂದ ತುಳಜಾ. ಮೊದ್ಲು ಎದ್ದು ಬರ್ಲಿ. ಆಮ್ಯಾಲ ಹೇಳ್ತೀನಿ."

ಪವಮಾನ ಎದ್ದು ಬಂದ. ಜೀವ ಉಳಿಯಿತು. ಆದರೆ ಅನ್ನನಾಳ ಗಾಯ ಮಾಯುತ್ತ ಮಾಯುತ್ತ ಕಿರಿದಾಗತೊಡಗಿತು. ಆಗಾಗ ಆಸ್ಪತ್ರೆಗೆ ಹೋಗಿ ಒಳಗೆ ಕೊಳವೆ ಹಾಕಿಸಿ ಹಿಗ್ಗಿಸಿಕೊಳ್ಳಬೇಕು, ಅದಕ್ಕೆ ಸ್ಕೋಪ್ ಎನ್ನುತ್ತಾರೆ. ರೊಟ್ಟಿ ಹೋಯಿತು, ಗಂಜಿ ಮತ್ತು ಕಿವುಚಿದ ಬಾಳೆಹಣ್ಣು ಉಳಿಯಿತು. ಕಮಲಾಪುರದ ಕೆಂಪು ಬಾಳೆಯನ್ನು ವೈನಿ ತಾವೇ ಕಿವುಚಿ, ನಾರು ತೆಗೆದು, ಚಮಚದಲ್ಲಿ ತಿನ್ನಿಸುತ್ತಿದ್ದರು. ತೊಟ್ಟಿಲಲ್ಲಿದ್ದಾಗ ತಿನ್ನಿಸಿದ್ದನ್ನೇ ಈಗ ಮತ್ತೆ ತಿನ್ನಿಸುವ ಹಾಗಾಯಿತು ಎಂದು ನನ್ನ ಮುಂದೆ ಹೇಳಿ ಅತ್ತರು. ಕಂಠ ಮರಳಲಿಲ್ಲ. ಮಾತು ಬರುತ್ತದೆ, ಕಿವಿಗೊಟ್ಟರೆ ಕೇಳುತ್ತದೆ. ಹಾಡು ಹೋಯಿತು.

ಅವನು ಒಂದು ದಿನವೂ ಅಕ್ಕನನ್ನು ದೂರಲಿಲ್ಲ. ದೂರಿದ್ದರೆ ವೈನಿಗೆ ಎಷ್ಟೋ ಹಗುರಾಗುತ್ತಿತ್ತು ಎಂದು ನನಗೆ ಅನಿಸಿದ್ದುಂಟು. ಬೈದರೆ ತಿರುಗಿ ಬೈಯಬಹುದು, ಜಗಳವಾದರೆ ಆಡಬಹುದು.  ಅವರನ್ನು ಕೊರೆಯುತ್ತಿದ್ದದ್ದು ಡಬ್ಬಿಯಲ್ಲ, ಚೀಟಿಯಲ್ಲ, ಆ ಬುರುಗು. "ಅಂವಾ ಕೇಳಿದ್ನಲ್ಲ ತುಳಜಾ. ಬುರುಗು ಯಾಕ ಅಂತ ಕೇಳಿದ್ನಲ್ಲ. ಚೆಲ್ಲು ಅಂದಿದ್ರ ಆಗ್ತಿತ್ತು" ಎನ್ನುತ್ತಿದ್ದರು.  

ಮನೆಯನ್ನು ಮಾತ್ರ ಬುಡಮೇಲು ಮಾಡಿದರು. ಫುರ್ಕಾನ ಬಂದು ಉಳಿದ ಆಸಿಡ್ ಡಬ್ಬಿಯನ್ನು ತೆಗೆದುಕೊಂಡು ಹೋಗುವಾಗ ಅಂಗಳದಲ್ಲಿ ನಿಂತು ಕಣ್ಣೀರು ಹಾಕಿದ. ಅವನು ಕಿವಿ ಮುಟ್ಟಿಕೊಂಡು ಮಾಫಿ ಕೇಳಿದರೆ ವೈನಿ, "ನೀ ಡಬ್ಬಿ ತಪ್ಪಿಸಿದಿ, ನಾ ಬಾಟ್ಲಿ ತಪ್ಪಿಸಿದೆ. ಇನ್ನ ಮ್ಯಾಲೆ ತೇಜಾಬಿಗೆ ಪಾನಿ ಅನಬ್ಯಾಡ" ಎಂದರು. ಈಗ ಅವನ ಅಂಗಡಿಯಲ್ಲಿ ಆಸಿಡ್ಡಿನ ಡಬ್ಬಿಯೇ ಬೇರೆ, ಮೇಲೆ ಕೆಂಪು ಬಣ್ಣ ಬಳಿದು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿದ್ದಾನೆ, ಯಾರ ಮನೆಯಲ್ಲೂ ಬಿಟ್ಟು ಬರುವುದಿಲ್ಲ. ವೈನಿಯ ಅಟ್ಟದಿಂದ ಇಳಿದದ್ದು ನೋಡಿ ನಾನೇ ದಂಗಾದೆ. ಶರಬತ್ತಿನ ಬಾಟ್ಲಿಯಲ್ಲಿ ಫಿನೈಲು, ಜ್ಯೂಸಿನ ಬಾಟ್ಲಿಯಲ್ಲಿ ಸೀಮೆಎಣ್ಣೆ, ಬಿಸ್ಕೀಟಿನ ಡಬ್ಬಿಯಲ್ಲಿ ಇಲಿ ಪಾಷಾಣ, ಉಪ್ಪಿನಕಾಯಿ ಜಾಡಿಯಲ್ಲಿ ಪಾಯಖಾನೆ ತೊಳೆಯುವ ಆಸಿಡ್. ಎಲ್ಲ ಚೆಂದ ಮುಚ್ಚಿ, ಚೆಂದ ಒರೆಸಿ ಇಟ್ಟಿದ್ದರು. ಯಾವುದರ ಮೇಲೂ ಹೆಸರಿಲ್ಲ, ಎಲ್ಲ ಹೆಸರೂ ವೈನಿಯ ತಲೆಯಲ್ಲಿ. ಒಂದರೊಳಗೊಂದು ಸುರಿಯಲಿಲ್ಲ, ಬಚ್ಚಲಿಗೂ ಹಾಕಲಿಲ್ಲ. ಒಂದೊಂದನ್ನೂ ಬೇರೆಯಾಗಿ ಕಟ್ಟಿ, ಮೇಲೆ ಹೆಸರು ಬರೆದು, ಕಸದ ಗಾಡಿಯ ಹೆಂಗಸರಿಗೆ ಇದು ಇಂಥದ್ದು ಎಂದು ಹೇಳಿಯೇ ಕೊಟ್ಟರು. ಆಮೇಲೆ ಓಣಿಯ ಮನೆಮನೆಗೆ ಹೋಗಿ ಅಟ್ಟ ತೋರಿಸಿ ಎಂದು ಕಾಡತೊಡಗಿದರು. ನಮ್ಮ ಮನೆಯಲ್ಲೂ ನೀರಿನ ಬಾಟ್ಲಿಯಲ್ಲಿದ್ದ ಥಿನ್ನರನ್ನು ಹಿಡಿದು ನನ್ನ ಗಂಡನಿಗೆ ಚೆನ್ನಾಗಿ ಉಗಿದರು.

ಇದೆಲ್ಲ ಮಾಡಿದರು, ಆದರೆ ಮಾಡಬೇಕಾದ ಒಂದನ್ನು ಮುಂದೂಡುತ್ತಲೇ ಹೋದರು.

ಕಮಲಾಪುರದಲ್ಲಿ ಬೇರೊಂದು ಮಾತು ಹಬ್ಬಿತ್ತು. ಆಸಿಡ್ ಕುಡಿದ ಎಂದರೆ ನಮ್ಮ ಜನಕ್ಕೆ ಅರ್ಥ ಒಂದೇ. ಜೀವ ಕಳೆದುಕೊಳ್ಳಲು ಹೋದ. ಪೊಲೀಸರ ಮುಂದೆ ನಾನೇ ಕುಡಿದೆ ಎಂದು ಅವನೇ ಒಪ್ಪಿದ್ದಾನಲ್ಲ. ದ್ವಾದಶಿಯ ದಿನ, ದೇವರ ಮುಂದೆ, ಪೂಜಾರಿಯಾದವನು! ಗಂಡ ಹೆಂಡಿರಿಗೆ ಸರಿ ಇರಲಿಲ್ಲವಂತೆ ಎಂದು ಒಬ್ಬರು, ತಲೆ ಕೆಟ್ಟಿತ್ತಂತೆ ಎಂದು ಇನ್ನೊಬ್ಬರು. ನಿಜ ಹೇಳಬಾರದೆಂದು ಗಂಡ ಆಣೆ ಹಾಕಿಸಿಕೊಂಡಿದ್ದ ಮೃದುಲಾ ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಗುಡಿಯ ಹಿರಿಯರು ಮನೆಗೆ ಬಂದು, ನೀವು ಆರಾಮ ತಗೊಳ್ಳಿ ಎಂದು ನಯವಾಗಿ ಹೇಳಿ ಹೋದರು. ದನಿ ಇಲ್ಲದಿದ್ದರೂ ಪೂಜೆ ಮಾಡಬಹುದಿತ್ತು; ಹೂವು ಏರಿಸಲು ಕಂಠ ಬೇಕೇ? ಆದರೆ ಆತ್ಮಹತ್ಯೆಗೆ ಹೋದವನ ಕೈಯಿಂದ ತೀರ್ಥ ತೆಗೆದುಕೊಳ್ಳಲು ಜನಕ್ಕೆ ಮನಸ್ಸಿಲ್ಲ. ಕುಸನೂರಿನಿಂದ ಒಬ್ಬ ಹೊಸ ಪೂಜಾರಿ ಬರತೊಡಗಿದ. ಮನೆ ಪೂಜೆಗಳೂ ಒಂದೊಂದಾಗಿ ನಿಂತವು. ಪವಮಾನ ದಿನವೂ ಮಡಿಯುಟ್ಟು, ಗುಡಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು, ಬೇರೆಯವನ ಮಂಗಳಾರತಿ ನೋಡಿ ಮನೆಗೆ ಬರುತ್ತಿದ್ದ.

ಪ್ರತಿ ಸಲ ಇದನ್ನು ಕೇಳಿ ಬಂದಾಗಲೂ ವೈನಿ ನನ್ನ ಮುಂದೆ ಕುದಿಯುತ್ತಿದ್ದರು. ಪ್ರತಿ ಸಲವೂ ನಾನು ಅದೇ ಮಾತು ಹೇಳುತ್ತಿದ್ದೆ.

"ಊರಿಗೆ ಸಿಟ್ಟಾಗಿ ಏನು ಉಪಯೋಗ ವೈನಿ? ನೀವು ಬಾಯಿ ಬಿಟ್ರ ಊರು ಬಾಯಿ ಮುಚ್ಚತದ."

"ಹೇಳ್ತೀನಿ. ಈ ಸಲದ ಸ್ಕೋಪ್ ಒಂದು ಆಗ್ಲಿ."

ಆಮೇಲೆ ದೀಪಾವಳಿ ಆಗಲಿ ಎಂದರು. ಆಮೇಲೆ ರಾಯರಿಗೆ ಬಿಪಿ ಎಂದರು. ಆಮೇಲೆ ಫುರ್ಕಾನನ ಅಂಗಡಿ ಮುಚ್ಚಿಸುತ್ತಾರೆ, ಪಾಪ ಚಿಕ್ಕ ಮಕ್ಕಳಿದ್ದಾವೆ ಎಂದರು. ಸುಳ್ಳಲ್ಲ, ಎಲ್ಲವೂ ನಿಜವೇ. ಆದರೆ ಒಳಗಿದ್ದದ್ದು ಬೇರೆ. ತಮ್ಮನನ್ನು ಸಾಕಿದ ಅಕ್ಕ ಎಂದು ಕಮಲಾಪುರದಲ್ಲಿ ಅವರಿಗೆ ದೊಡ್ಡ ಹೆಸರು. ಬಸ್ಸಿಳಿದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ಆ ಊರಿನಲ್ಲಿ, ಆ ಬಾಯಿಂದ, ತಮ್ಮನ ಗಂಟಲು ಸುಟ್ಟವಳು ನಾನು ಎಂದು ಹೇಳಬೇಕು. ಅದು ಅವರಿಂದ ಆಗಲಿಲ್ಲ. ಒಂದು ದಿನ ನಾನು ಇದನ್ನು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟೆ. ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ನನಗೆ ಈಗಲೂ ಆ ಮಾತಿಗೆ ಪಶ್ಚಾತ್ತಾಪವಿಲ್ಲ.

ಕೊನೆಗೆ ಅವರನ್ನು ಎಬ್ಬಿಸಿದ್ದು ಪವಮಾನನ ಮಗಳು. ಶಾಲೆಯಲ್ಲಿ ಯಾರೋ, ನಿಮ್ಮಪ್ಪ ಸಾಯಲಿಕ್ಕೆ ಹೋಗಿದ್ದ ಎಂದರಂತೆ. ಆ ಮಗು ಮನೆಗೆ ಬಂದು, ಊಟದ ಹೊತ್ತಿನಲ್ಲಿ, ಅಪ್ಪನನ್ನೇ ಕೇಳಿತು: "ಅಪ್ಪಾ, ನಾವು ನಿನಗ ಬ್ಯಾಡಾಗಿದ್ದಿವೇನು?" ವೈನಿ ಎದುರಿಗೇ ಕುಳಿತಿದ್ದರು. ಪವಮಾನ ಮಗಳ ತಲೆ ನೇವರಿಸಿದ, ಅಕ್ಕನ ಕಡೆ ನೋಡಲಿಲ್ಲ. ಆಗಲೂ ಅವನು ನಿಜ ಹೇಳಲಿಲ್ಲ.

ಮರುದಿನ ಕಲಬುರಗಿಗೆ ಬಂದು ನೇರ ನಮ್ಮ ಮನೆಯೊಳಗೆ ಬಂದರು. ಚಪ್ಪಲಿ ಸಹಿತ ಬಂದರು; ಅಂಥದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ನಡಿ ತುಳಜಾ. ಕಮಲಾಪುರಕ್ಕ ಹೋಗೋಣು. ಮನಿಮನಿಗೆ ಹೇಳ್ತೀನಿ."

ಬಸ್ಸಿನಲ್ಲಿ ಅವರ ತುಟಿ ಅಲುಗುತ್ತಲೇ ಇತ್ತು. ಹೇಗೆ ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದರು. ಇಳಿದ ಮೇಲೆ ತಮ್ಮನ ಮನೆಗೆ ಹೋಗಲಿಲ್ಲ. ಮೊದಲು ಹೋದದ್ದು ಬಟ್ಟೆ ಅಂಗಡಿಯ ಜಯದೇವಿಯ ಮನೆಗೆ. ಗುಡಿಯ ಕಮಿಟಿಯಲ್ಲಿ ಆಕೆಯ ಗಂಡನ ಮಾತೇ ಮಾತು, ಗಂಡನ ಹತ್ತಿರ ಆಕೆಯ ಮಾತೇ ಮಾತು. ಪವಮಾನನನ್ನು ಪೂಜೆಗೆ ಕರೆಯುವುದನ್ನು ಮೊದಲು ನಿಲ್ಲಿಸಿದ್ದೂ ಆ ಮನೆಯೇ.

ಜಯದೇವಿ ಎದ್ದು ಬಂದು ಕೈ ಹಿಡಿದು ಕೂಡಿಸಿದಳು. ನೀರು ಕೊಟ್ಟಳು. ವೈನಿ ಮುಟ್ಟಲಿಲ್ಲ.

"ಜಯದೇವಿ, ಒಂದು ಮಾತು ಹೇಳ್ಲಿಕ್ಕ ಬಂದೀನಿ. ಪವಮಾನ ತಾನಾಗಿ ಕುಡಿದಿಲ್ಲ. ನಾ ತಂದ ನೀರದು. ನೀರಂತ ತಿಳಕೊಂಡು ನಾನ ಆಸಿಡ್ ತಂದಿದ್ದೆ. ಬುರುಗು ಬಂತಕ್ಕಾ ಅಂತ ಅಂವಾ ಕೇಳಿದ, ಶುದ್ಧ ಅದ ಅಂತ ನಾನ ಹೇಳಿದೆ. ಪೊಲೀಸರ ಮುಂದ ನನ್ನ ಉಳಿಸ್ಲಿಕ್ಕ ಅಂವಾ ಸುಳ್ಳು ಹೇಳಿದ. ಅಂವಂದು ಏನೂ ತಪ್ಪಿಲ್ಲ. ಅಂವನ್ನ ಗುಡಿಯಿಂದ ಹೊರಗ ಹಾಕಬ್ಯಾಡ್ರಿ."

ಒಂದೇ ಉಸಿರಿನಲ್ಲಿ ಹೇಳಿದರು. ಒಂದು ವರ್ಷದಿಂದ ನಾನು ಕಾದ ಮಾತು ಅದು. ಕೇಳಿ ನನ್ನ ಎದೆ ಹಗುರಾಯಿತು.

ಜಯದೇವಿಯ ಕಣ್ಣಲ್ಲಿ ನೀರು ಬಂತು. ಆಕೆ ತಲೆ ಅಲ್ಲಾಡಿಸುತ್ತ ವೈನಿಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಬಾಯಾರ, ತಮ್ಮನ ಮ್ಯಾಲಿನ ಜೀವಕ್ಕ ನೀವು ಏನು ಬೇಕಾದ್ದು ತಲಿಮ್ಯಾಲ ಹಾಕ್ಕೊಂತೀರಿ. ಅದು ನಮಗ ಗೊತ್ತಿಲ್ಲೇನ್ರಿ?"

"ಖರೇ ಹೇಳಾಕತ್ತಾರ್ರಿ ಅವರು" ಎಂದು ನಾನು ನಡುವೆ ಬಾಯಿ ಹಾಕಿದೆ. "ಫೋನ್ ಹಚ್ಚಿಕೊಟ್ಟಾಕಿ ನಾನು. ನಾ ಸಾಕ್ಷಿ ಇದ್ದೀನಿ."

"ನೀವು ಅವರ ಗೆಳತಿ ಅಲ್ರೀ ಅಕ್ಕಾರ? ನೀವೂ ಹಂಗ ಅನ್ನೋರ" ಎಂದು ನಕ್ಕಳು. ಕೆಟ್ಟ ನಗೆಯಲ್ಲ. ಒಳ್ಳೆಯ ಹೆಂಗಸು ಆಕೆ, ನಂಬಿದ್ದನ್ನು ಹೇಳುತ್ತಿದ್ದಳು.

"ಇಲ್ಲ ಜಯದೇವಿ, ದೇವರಾಣಿ. ನಾನ ಕೊಟ್ಟಿದ್ದು." ವೈನಿಯ ದನಿ ಏರಿತು. "ನನ್ನ ನಂಬು."

"ಆಣಿ ಇಡಬ್ಯಾಡ್ರಿ. ನೀವು ಕೊಟ್ಟಿದ್ರ ಅವತ್ತೇ ಹೇಳ್ತಿದ್ರಿ ಬಾಯಾರ. ಪೊಲೀಸರ ಎದುರಿಗೇ ಹೇಳ್ತಿದ್ರಿ. ತಮ್ಮನ ಹೆಸರು ಹಿಂಗ ಹಾಳಾಗೂದು ನೋಡ್ಕೋತ ಒಂದು ವರ್ಷ ಬಾಯಿ ಮುಚ್ಚಿಕೊಂಡು ಕೂಡೋ ಪೈಕಿ ಏನು ನೀವು?"

ವೈನಿ ನನ್ನ ಕಡೆ ತಿರುಗಿದರು. ನಾನು ಏನಾದರೂ ಹೇಳಲಿ ಎಂದು ನೋಡಿದರು. 

ಜಯದೇವಿ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಳು. ವೈನಿಯ ಹಣೆಗೆ ಹಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಕರೆದು, "ಬಾ, ಪಾದ ಮುಟ್ಟು. ಅಕ್ಕ ಅಂದ್ರ ಹಿಂಗಿರಬೇಕು" ಎಂದಳು. ವೈನಿ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡರು. ಹಿಂದೆ ಗೋಡೆ ಇತ್ತು. ಆ ಹುಡುಗಿ ಬಾಗಿ ಅವರ ಪಾದಗಳ ಮೇಲೆ ಹಣೆ ಇಟ್ಟಳು.